ಹೊಟ್ಟೆ ಬೆಳೆದವನ ಉಸಿರು

ಕನ್ನಡದಲ್ಲಿ ಮೈ ಇಳಿದವನನ್ನು ಕಂಡರೆ ‘ಬಡವಾಗಿದ್ದಾನೆ’ ಎನ್ನುತ್ತೇವೆ. ದೇಹ ಕೃಶವಾಗುವುದಕ್ಕೂ ಐಶ್ವರ್ಯ ಕರಗುವುದಕ್ಕೂ ಒಂದೇ ಮಾತು. ಪಟ್ಟಣದಿಂದ ಊರಿಗೆ ಬಂದ ಮಗನನ್ನು ತಾಯಿ ಮೊದಲು ಕೇಳುವುದು ‘ಯಾಕಪ್ಪ ಮಗ, ಹಿಂಗ ಬಡವಾಗ್ಬುಟ್ಟೆ?’ ಎಂದು, ಸಂಬಳದ ಮಾತು ಆಮೇಲಿನದು. ಹಸಿವಿನ ನೆನಪು ನಮ್ಮ ಭಾಷೆಯ ಒಳಗೆ ಎಷ್ಟು ದೂರ ಇಳಿದಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಮೈ ತುಂಬಿಕೊಂಡವನು ಅನುಕೂಲಸ್ಥ. ಹೊಟ್ಟೆ ನಾಲ್ಕು ಬೆರಳು ಮುಂದೆ ಬಂದವನು ಯಜಮಾನ. ಹೀಗಿರುವಲ್ಲಿ ಆ ನಾಲ್ಕು ಬೆರಳಿನ ಹೊಟ್ಟೆಯೇ ಮನುಷ್ಯನ ಉಸಿರನ್ನು ಕದಿಯುತ್ತದೆ, ಗಂಡಸುತನವನ್ನೂ ಕುಗ್ಗಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬುವವರು ಎಷ್ಟು ಮಂದಿ?

ಯಳಂದೂರು ತಾಲ್ಲೂಕಿನ ಹೊನ್ನೂರನ್ನು ತೆಗೆದುಕೊಳ್ಳೋಣ. ಹೆಸರಿನಲ್ಲಿಯೇ ಹೊನ್ನು, ತಾಲ್ಲೂಕಿನಲ್ಲಿ ಹರಿಯುವ ಸುವರ್ಣಾವತಿಯನ್ನೂ ಜನ ಹೊನ್ನುಹೊಳೆಯೆಂದೇ ಕರೆಯುತ್ತ ಬಂದಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಈ ಸೀಮೆಯಲ್ಲಿ ಭತ್ತ, ಕಬ್ಬು, ಹಿಪ್ಪುನೇರಳೆ ಬೆಳೆದು ಬದುಕಿದ ಒಕ್ಕಲುಮಕ್ಕಳಿಗೆ ಬೊಜ್ಜು ಎನ್ನುವುದು ಸಾಹುಕಾರರ ಮನೆಯ ಸಮಾಚಾರವಾಗಿತ್ತು. ಇಂದು ಉಳುವುದು ಟ್ರ್ಯಾಕ್ಟರು, ಸಂತೆಗೆ ಹೋಗುವುದು ಬೈಕು. ರಾಗಿಮುದ್ದೆ ಕೂರುತ್ತಿದ್ದ ತಟ್ಟೆಯಲ್ಲಿ ಬಿಳಿಯ ಅನ್ನದ ರಾಶಿ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರ ಪೈಕಿ ನೂರಕ್ಕೆ ಸುಮಾರು ೩೦ ಮಂದಿ ಮಿತಿಮೀರಿದ ತೂಕದವರೆಂದು ಕಂಡುಬಂದಿತು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ ೨೨ರ ಸುತ್ತಿನಲ್ಲಿತ್ತು. ಇದು ಬೆಂಗಳೂರಿನ ಕಚೇರಿಗಳ ಲೆಕ್ಕ ಮಾತ್ರವಲ್ಲ.

ಅಂಥ ಒಂದು ಊರಿನ ನಲವತ್ತೈದು ವಯಸ್ಸಿನ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ, ಬೀದಿಗೊಬ್ಬನಿದ್ದಾನೆ. ಬೀಡಿ ಮುಟ್ಟಿದವನಲ್ಲ. ಆದರೂ ಹತ್ತು ಮೆಟ್ಟಿಲು ಏರಿದರೆ ತೇಕು. ಚಪ್ಪಲಿಯ ಪಟ್ಟಿ ಬಿಗಿಯಲು ಬಗ್ಗಿದರೆ ಉಸಿರು ಕಟ್ಟುತ್ತದೆ. ರಾತ್ರಿ ಮನೆ ಅದುರುವ ಗೊರಕೆ, ಹಗಲೆಲ್ಲ ಜೋಂಪು. ಇವಲ್ಲದೆ ಹೆಂಡತಿಯ ಮುಂದೆ ಒಪ್ಪಿಕೊಳ್ಳಲಾರದ, ವೈದ್ಯರ ಮುಂದೆ ಹೇಳಲು ನಾಚಿಕೆಯಾಗುವ ಇನ್ನೊಂದು ಕೊರತೆ. ಅವನ ಲೆಕ್ಕದಲ್ಲಿ ಇವೆಲ್ಲ ಬೇರೆ ಬೇರೆ ಖಾತೆಗಳು: ಉಸಿರಿಗೆ ವಾಯು ಕಾರಣ, ನಿದ್ದೆಗೆ ವಯಸ್ಸು, ಕಡೆಯದಕ್ಕೆ ಹಣೆಬರಹ. ಈ ಖಾತೆಗಳೆಲ್ಲ ಒಂದೇ ಪುಟದಲ್ಲಿ ಸೇರಬಹುದೆಂಬುದೂ, ನಮ್ಮ ಸೀಮೆಯವನಿಗೆ ಅದರ ಬಾಕಿ ಇತರ ದೇಶದವರಿಗಿಂತ ಬೇಗ ಬಂದು ಮುಟ್ಟುತ್ತದೆಂಬುದೂ ಇಲ್ಲಿ ಹೇಳಬೇಕಾದ ವಿಷಯ.

ಹೊಸ ವಿದ್ಯೆಯ ಮಾತಿಗೆ ಮೊದಲು ಹಳಬರನ್ನು ಕೇಳೋಣ. ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯಕ್ಕೆ ‘ಅಷ್ಟೌನಿಂದಿತೀಯ’ವೆಂದು ಹೆಸರು. ಲೋಕ ನಿಂದಿಸುವ ಎಂಟು ಬಗೆಯ ದೇಹಗಳನ್ನು ಎಣಿಸಿ, ಅವುಗಳಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಎಂಬ ಎರಡನ್ನು ಆಚಾರ್ಯರು ವಿಸ್ತಾರವಾಗಿ ವಿಚಾರಿಸುತ್ತಾರೆ. ಅತಿಸ್ಥೂಲನಿಗೆ ಎಂಟು ದೋಷಗಳು. ಆಯುಷ್ಯ ಕುಗ್ಗುವುದು, ದುರ್ಬಲತೆ, ಬೆವರು, ಅತಿಯಾದ ಹಸಿವು ಬಾಯಾರಿಕೆಗಳ ಜೊತೆಯಲ್ಲಿ ದಾಂಪತ್ಯ ಸುಖಕ್ಕೆ ಅಡ್ಡಿಯೂ ಒಂದು. ಶುಕ್ರದ ಅಲ್ಪತೆ ಮತ್ತು ಮೇದಸ್ಸಿನಿಂದ ಮಾರ್ಗ ಮುಚ್ಚುವುದು ಅದಕ್ಕೆ ಕಾರಣಗಳೆಂದು ವಿವರಣೆ. ಸುಶ್ರುತಸಂಹಿತೆಯಲ್ಲಿ ಮೇದಸ್ಸು ಬೆಳೆದವನ ಲಕ್ಷಣಗಳನ್ನು ಹೇಳುವಾಗ ‘ಕ್ಷುದ್ರಶ್ವಾಸ’ವೆಂಬ ಮಾತು ಬರುತ್ತದೆ: ಸ್ವಲ್ಪ ಶ್ರಮಕ್ಕೇ ಹತ್ತುವ ಏದುಸಿರು. ಒಬ್ಬರು ಪುಂಸ್ತ್ವದ ಕೊರತೆಯನ್ನು ಗುರುತಿಸಿದರು, ಇನ್ನೊಬ್ಬರು ಉಸಿರಿನ ಕೊರತೆಯನ್ನು. ಅವರ ಕೈಯಲ್ಲಿ ಅಳೆಯುವ ಯಂತ್ರವಿರಲಿಲ್ಲ, ಕಣ್ಣಿತ್ತು. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಎದೆ ತಟ್ಟಿಕೊಳ್ಳುವ ಚಾಳಿ ನನ್ನದಲ್ಲ. ಆದರೆ ಎರಡು ಸಾವಿರ ವರ್ಷಗಳಷ್ಟು ಹಿಂದಿನ ವೈದ್ಯನೊಬ್ಬ ರೋಗಿಯನ್ನು ಅಷ್ಟು ಚೆನ್ನಾಗಿ ನೋಡಿದ್ದಾನೆಂದರೆ ಮೆಚ್ಚದೆ ಇರುವುದು ಹೇಗೆ?

ಉಸಿರಿನ ಯಂತ್ರ ಕಮ್ಮಾರನ ತಿದಿಯ ಹಾಗೆ. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಬಾಗಿ ನಿಂತ ವಪೆ ಎಂಬ ಸ್ನಾಯುವಿದೆ. ಉಸಿರೆಳೆದಾಗ ಅದು ಚಪ್ಪಟೆಯಾಗಿ ಕೆಳಗಿಳಿಯುತ್ತದೆ, ಹೊಟ್ಟೆಯೊಳಗಿನ ಅಂಗಗಳು ಜರುಗಿ ಅದಕ್ಕೆ ಎಡೆಗೊಡುತ್ತವೆ, ಶ್ವಾಸಕೋಶ ಹಿಗ್ಗುತ್ತದೆ. ಹೊಟ್ಟೆಯಲ್ಲಿ ಕರುಳಿನ ಸುತ್ತ ಕೊಬ್ಬು ತುಂಬಿದಾಗ ಈ ವಪೆಗೆ ಇಳಿಯಲು ಎಡೆಯೆಲ್ಲಿ? ತಿದಿಯ ಕೆಳಗೆ ಭತ್ತದ ಮೂಟೆಯನ್ನಿಟ್ಟು ಒತ್ತಿದಂತಾಗುತ್ತದೆ. ಎದೆಗೂಡಿನ ಮೇಲೆ ಕೂತ ಕೊಬ್ಬು ಹೊರಗಿನಿಂದ ಬೇರೆ ಅದುಮುತ್ತದೆ.

ಸಾಧಾರಣವಾಗಿ ಉಸಿರು ಬಿಟ್ಟ ಮೇಲೂ ನಮ್ಮ ಎದೆಯಲ್ಲಿ ಇನ್ನೂ ಊದಿ ಹೊರಹಾಕಬಹುದಾದ ಗಾಳಿ ಒಂದು ಲೀಟರಿಗೂ ಹೆಚ್ಚಾಗಿಯೇ ಉಳಿದಿರುತ್ತದೆ. ಇದನ್ನು ಕಷ್ಟಕಾಲದ ಗಂಟು ಎನ್ನಬಹುದು. ಬೊಜ್ಜು ಮೊದಲು ಕೈಹಾಕುವುದು ಈ ಗಂಟಿಗೇ. ೨೦೦೬ರಲ್ಲಿ ಕೆನಡಾ ದೇಶದಿಂದ ಪ್ರಕಟವಾದ ಅಳತೆಯೊಂದನ್ನು ನಮ್ಮ ಮನುಷ್ಯನಿಗೆ ಅನ್ವಯಿಸಿ ನೋಡಬಹುದು. ಐದೂವರೆ ಅಡಿ ಎತ್ತರದವನು ೫೬ ಕಿಲೋ ತೂಗುತ್ತಿದ್ದಾಗ ಇದ್ದ ಆ ಗಂಟು, ಅವನು ೮೪ ಕಿಲೋ ಮುಟ್ಟುವ ಹೊತ್ತಿಗೆ ಅರ್ಧಕ್ಕಿಂತ ಕಡಿಮೆಗೆ ಇಳಿದಿರುತ್ತದೆ. ವಿಚಿತ್ರವೆಂದರೆ ಶ್ವಾಸಕೋಶದ ಒಟ್ಟು ಹಿಡಿತ ಅಷ್ಟೇನೂ ಕುಗ್ಗುವುದಿಲ್ಲ. ಎದೆಯ ಚಿತ್ರ ತೆಗೆಸಿದರೆ ‘ಏನೂ ಇಲ್ಲ’ ಎಂಬ ಉತ್ತರವೇ ಬಂದೀತು. ಆದರೆ ಗಂಟು ಕರಗಿದ ಮೇಲೆ ಶ್ವಾಸಕೋಶದ ತಳಭಾಗದ ಸಣ್ಣ ಗಾಳಿನಾಳಗಳು ಉಸಿರು ಬಿಟ್ಟಾಗಲೆಲ್ಲ ಮುಚ್ಚಿಕೊಳ್ಳತೊಡಗುತ್ತವೆ. ಆ ಭಾಗದಲ್ಲಿ ಹರಿಯುವ ರಕ್ತ ಗಾಳಿಯನ್ನು ಕಾಣದೆ ಹಾಗೆಯೇ ಹಿಂದಿರುಗುತ್ತದೆ. ಮಲಗಿದಾಗ ಹೊಟ್ಟೆಯ ಭಾರ ಮೇಲಕ್ಕೆ ಜರುಗಿ ಸ್ಥಿತಿ ಇನ್ನೂ ಕೆಡುತ್ತದೆ. ಗಂಟಲಿನ ಸುತ್ತ ಸೇರಿದ ಕೊಬ್ಬು ನಿದ್ದೆಯಲ್ಲಿ ದಾರಿಯನ್ನು ಅಡ್ಡಗಟ್ಟಿದರೆ ಗೊರಕೆ ನಡುವೆ ನಿಂತು, ಉಸಿರೂ ಕೆಲವು ಕ್ಷಣ ನಿಂತು, ಮನುಷ್ಯ ಬೆಚ್ಚಿಬಿದ್ದು ಮತ್ತೆ ಎಳೆಯುತ್ತಾನೆ. ಒಂದು ರಾತ್ರಿಗೆ ಇದು ನೂರಾರು ಸಲ ನಡೆಯಬಹುದು. ಬೆಳಗ್ಗೆ ಅವನಿಗೆ ನೆನಪಿರದು.

ಇದರ ಪರಾಕಾಷ್ಠೆಯ ಅವಸ್ಥೆಗೆ ವೈದ್ಯರು ಹೆಸರನ್ನು ಸಾಹಿತ್ಯದಿಂದ ಕಡ ತಂದರು. ಡಿಕನ್ಸ್ ಮಹಾಶಯನ ‘ಪಿಕ್‌ವಿಕ್ ಪೇಪರ್ಸ್’ ೧೮೩೬–೩೭ರಲ್ಲಿ ಕಂತುಕಂತಾಗಿ ಹೊರಬಂದ ಕಾದಂಬರಿ. ಅದರಲ್ಲಿ ಜೋ ಎಂಬ ದಡೂತಿ ಹುಡುಗ ಬರುತ್ತಾನೆ. ಬಾಗಿಲು ತಟ್ಟುತ್ತ ನಿಂತಲ್ಲಿಯೇ ನಿದ್ದೆಹೋಗುವವನು. ೧೯೫೬ರಲ್ಲಿ ಅಮೆರಿಕದ ವೈದ್ಯರು ತಮ್ಮಲ್ಲಿಗೆ ಬಂದ ವ್ಯಾಪಾರಸ್ಥನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಇಸ್ಪೀಟಿನಾಟದಲ್ಲಿ ಗೆಲ್ಲುವ ಎಲೆಗಳು ಕೈಗೆ ಬಂದಿದ್ದಾಗಲೇ ಆತ ತೂಕಡಿಸಿ ಪಂದ್ಯ ಕಳೆದುಕೊಂಡಿದ್ದ. ಆಸ್ಪತ್ರೆಗೆ ಬಂದದ್ದು ಆ ಪ್ರಸಂಗದ ನಂತರ. ಉಸಿರು ಸಾಲದೆ ರಕ್ತದಲ್ಲಿ ಇಂಗಾಲಾಮ್ಲ ತುಂಬಿಕೊಂಡದ್ದು ಆ ನಿದ್ದೆಗೆ ಕಾರಣವಾಗಿತ್ತು. ಅದಕ್ಕೆ ‘ಪಿಕ್‌ವಿಕ್ ಲಕ್ಷಣಸಮೂಹ’ವೆಂದು ಹೆಸರಾಯಿತು. ಮಹಾಭಾರತದ ಬಕಾಸುರನನ್ನೋ ರಾಮಾಯಣದ ಕುಂಭಕರ್ಣನನ್ನೋ ನಮ್ಮ ವೈದ್ಯರು ಹೀಗೆ ಬಳಸಿಕೊಳ್ಳದೆ ಬಿಟ್ಟದ್ದು ಆಶ್ಚರ್ಯ.

ಇನ್ನು ಪುರುಷ ಹಾರ್ಮೋನಿನ ಕತೆ. ವೃಷಣಗಳಲ್ಲಿ ಹುಟ್ಟಿ ರಕ್ತಕ್ಕೆ ಸೇರುವ ಟೆಸ್ಟಾಸ್ಟೆರೋನ್ ಎಂಬ ದ್ರವ್ಯವನ್ನು ೧೯೩೫ರಲ್ಲಿ ಗೂಳಿಯ ವೃಷಣಗಳಿಂದ ಬೇರ್ಪಡಿಸಿದರು. ಅದೇ ವರ್ಷ ಪ್ರಯೋಗಶಾಲೆಯಲ್ಲಿಯೂ ಅದು ತಯಾರಾಯಿತು. ಹುಡುಗನಿಗೆ ಮೀಸೆ ಮೂಡಿಸುವುದು, ದನಿ ಒಡೆಯಿಸುವುದು ಇದರ ಕೆಲಸವೆಂದು ಎಲ್ಲರೂ ಬಲ್ಲರು. ಮಾಂಸಖಂಡಗಳನ್ನು ಕಟ್ಟುವುದು, ರಕ್ತದ ಕೆಂಪುಕಣಗಳನ್ನು ಹೆಚ್ಚಿಸುವುದು, ಹೊಟ್ಟೆಯ ಕೊಬ್ಬನ್ನು ಹದ್ದಿನಲ್ಲಿಡುವುದು ಕೂಡ ಇದರ ಕೆಲಸವೇ ಎಂಬುದು ಅಷ್ಟು ಪ್ರಸಿದ್ಧವಲ್ಲ. ಕೊಬ್ಬೆಂದರೆ ಸುಮ್ಮನೆ ಬಿದ್ದಿರುವ ಬೆಣ್ಣೆಯ ಮುದ್ದೆಯೆಂದು ಬಹುಕಾಲ ತಿಳಿದಿದ್ದರು. ಅದೂ ಒಂದು ಗ್ರಂಥಿಯಂತೆ ಕೆಲಸ ಮಾಡುತ್ತದೆ. ಅದರಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಪುರುಷ ಹಾರ್ಮೋನನ್ನು ಹಿಡಿದು ಸ್ತ್ರೀ ಹಾರ್ಮೋನಾಗಿ ಮಾರ್ಪಡಿಸುತ್ತದೆ. ಆ ಸ್ತ್ರೀ ಹಾರ್ಮೋನು ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ‘ಸಾಕು, ಇನ್ನು ಬೇಡ’ ಎಂಬ ಸುದ್ದಿ ಮುಟ್ಟಿಸುತ್ತದೆ. ವೃಷಣಗಳಿಗೆ ಹೋಗಬೇಕಾದ ಆಜ್ಞೆ ಸಡಿಲವಾಗುತ್ತದೆ. ಹಾರ್ಮೋನು ಇಳಿದಾಗ ಮಾಂಸ ಕರಗಿ ಕೊಬ್ಬು ಇನ್ನೂ ಸೇರುತ್ತದೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದು! ಸಾಲದ್ದಕ್ಕೆ ಈ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ನಿದ್ದೆಯಲ್ಲಿ. ರಾತ್ರಿಯಿಡೀ ಉಸಿರು ಕಟ್ಟಿ ಬೆಚ್ಚಿಬೀಳುವವನಿಗೆ ಆ ದಾರಿಯೂ ಮುಚ್ಚಿತು.

ಹಾರ್ಮೋನು ಕಡಿಮೆಯಾದರೆ ಶ್ವಾಸಕೋಶಕ್ಕೇನು? ಉಸಿರಾಟ ಸ್ನಾಯುಗಳ ದುಡಿಮೆ. ವಪೆಯೂ ಪಕ್ಕೆಲುಬುಗಳ ನಡುವಣ ಸ್ನಾಯುಗಳೂ ಸೊರಗಿದರೆ ಗಾಳಿಯನ್ನು ಎಳೆಯುವ ಬಲ ಕುಗ್ಗುತ್ತದೆ, ಅದೂ ಹೊಟ್ಟೆಯ ಮೂಟೆಯನ್ನು ತಳ್ಳಲು ಹೆಚ್ಚು ಬಲ ಬೇಕಾದ ಹೊತ್ತಿನಲ್ಲಿ. ಕೆಂಪುಕಣಗಳು ಕಡಿಮೆಯಾದರೆ ಸಿಕ್ಕ ಗಾಳಿಯ ಸಾಗಾಟವೂ ಕುಂಠಿತ. ಗಾಳಿನಾಳಗಳ ಉರಿಯೂತವನ್ನು ಅದುಮುವ ಗುಣವೂ ಈ ಹಾರ್ಮೋನಿಗೆ ಉಂಟೆಂದು ತೋರುತ್ತದೆ. ಚಿಕ್ಕಂದಿನಲ್ಲಿ ಗೂರಲು ಹುಡುಗರಲ್ಲಿ ಹೆಚ್ಚು; ಪ್ರಾಯ ಬಂದ ಮೇಲೆ ಅದು ತಿರುಗುಮುರುಗಾಗಿ ಹೆಂಗಸರಲ್ಲಿ ಹೆಚ್ಚಾಗುತ್ತದೆ. ಈ ತಿರುವಿಗೆ ಹಾರ್ಮೋನುಗಳ ಕೈವಾಡವಿದೆಯೆಂದು ಬಲ್ಲವರು ಊಹಿಸುತ್ತಾರೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಬಸ್ಸೆಲ್ಟನ್ ಎಂಬ ಪಟ್ಟಣವಿದೆ. ಅಲ್ಲಿಯ ಜನರ ಆರೋಗ್ಯವನ್ನು ೧೯೬೬ರಿಂದ ಅಳೆಯುತ್ತ ಬಂದಿದ್ದಾರೆ. ಅಲ್ಲಿನ ಸಾವಿರಕ್ಕೂ ಮಿಕ್ಕ ಗಂಡಸರಲ್ಲಿ ಪುರುಷ ಹಾರ್ಮೋನು ಹೆಚ್ಚಿದ್ದವರ ಉಸಿರಿನ ಶಕ್ತಿಯೂ ಉತ್ತಮವಾಗಿತ್ತು ಎಂದು ೨೦೧೫ರಲ್ಲಿ ವರದಿಯಾಯಿತು. ವಯಸ್ಸು, ತೂಕ, ಧೂಮಪಾನಗಳ ಲೆಕ್ಕವನ್ನು ಕಳೆದ ಮೇಲೂ ಆ ನಂಟು ಉಳಿದಿತ್ತು.

ನಂಟು ಎಂದೆ, ಕಾರಣ ಎನ್ನಲಿಲ್ಲ. ಬಹುದಿನದ ಶ್ವಾಸಕೋಶದ ರೋಗ ತಾನೇ ಹಾರ್ಮೋನನ್ನು ಇಳಿಸಬಲ್ಲುದು, ಅದಕ್ಕೆ ಕೊಡುವ ಸ್ಟೀರಾಯ್ಡ್ ಔಷಧಿಗಳೂ ಇಳಿಸಬಲ್ಲವು. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಜಗಳ ಇಲ್ಲಿ ಇನ್ನೂ ತೀರಿಲ್ಲ. ಏದುಸಿರಿಗೆಲ್ಲ ಹೊಟ್ಟೆಯೇ ಕಾರಣವೆನ್ನುವುದೂ ತಪ್ಪಾದೀತು. ಕ್ಷಯ, ಹೃದಯದ ರೋಗ, ಬೀಡಿಯ ಹೊಗೆ, ಸೌದೆ ಒಲೆಯ ಹೊಗೆ ಇವುಗಳ ಪಾಲು ದೊಡ್ಡದು. ಮೈಸೂರು ಜಿಲ್ಲೆಯ ಹಳ್ಳಿಯ ಹೆಂಗಸರನ್ನು ಕುರಿತ ಅಧ್ಯಯನವೊಂದು ೨೦೧೩ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ಹಾಗೆ ಕಳೆದ ವರ್ಷಗಳಿಂದ ಗುಣಿಸಿದರೆ ಬರುವ ಸಂಖ್ಯೆ ೬೦ ಮುಟ್ಟಿದಲ್ಲಿ ಬಹುಕಾಲದ ಕೆಮ್ಮು-ಕಫದ ಅಪಾಯ ಎದ್ದುಕಾಣುತ್ತದೆಂದು ಅದರಲ್ಲಿ ಹೇಳಿದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ: ನಮ್ಮ ಅಜ್ಜಿಯರಲ್ಲಿ ಯಾರು ಆ ಅರವತ್ತನ್ನು ದಾಟಿರಲಿಲ್ಲ?

ಈಗ ಮೈಸೂರಿಗೇ ಬರೋಣ. ಚಾಮರಾಜನಗರ ೧೯೯೭ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಯಳಂದೂರು ಇದ್ದದ್ದು ಮೈಸೂರು ಜಿಲ್ಲೆಯಲ್ಲಿಯೇ. ಆ ನಗರದಲ್ಲಿ ಜನ ಮಿಷನ್ ಆಸ್ಪತ್ರೆಯೆನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ೧೯೩೪ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಪುಸ್ತಕದಲ್ಲಿ ಬರೆದಿಡುತ್ತ ಬಂದರು. ಅದನ್ನು ಬರೆದವರಿಗೆ ಅದರಿಂದ ಯಾವ ಉಪಯೋಗವೂ ಕಂಡಿರಲಾರದು, ಶಿಸ್ತಿಗಾಗಿ ಬರೆದರು. ಸುಮಾರು ಅರವತ್ತು ವರ್ಷದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿದ್ವಾಂಸರೂ ಮೈಸೂರಿನ ವೈದ್ಯರೂ ಕೂಡಿ ಆ ಪುಸ್ತಕಗಳನ್ನು ಬಿಡಿಸಿ, ಊರಲ್ಲಿ ಆ ಕೂಸುಗಳನ್ನು ಹುಡುಕಿದರು. ಕೂಸುಗಳು ಆ ವೇಳೆಗೆ ತಲೆ ನರೆಯತೊಡಗಿದ ಗೃಹಸ್ಥರೂ ಗೃಹಿಣಿಯರೂ ಆಗಿದ್ದರು. ೩೮ರಿಂದ ೫೯ ವಯಸ್ಸಿನ ೨೮೬ ಮಂದಿಯನ್ನು ಕರೆದು ಯಂತ್ರದೊಳಕ್ಕೆ ಊದಿಸಿ ನೋಡಿದರು. ಹುಟ್ಟಿದಾಗ ಕಡಿಮೆ ತೂಗಿದವರು ನಡುವಯಸ್ಸಿನಲ್ಲಿ ಊದಬಲ್ಲ ಗಾಳಿಯೂ ಕಡಿಮೆಯೇ ಆಗಿತ್ತು. ೧೯೯೭ರಲ್ಲಿ ಈ ವರದಿ ಪ್ರಕಟವಾಯಿತು.

ಇದರ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಬೇಕು. ತಾಯಿಯ ಗರ್ಭದಲ್ಲಿ ಆಹಾರ ಸಾಲದಾದಾಗ ಶ್ವಾಸಕೋಶದ ಕಟ್ಟಡ ಸಣ್ಣ ಅಸ್ತಿಭಾರದ ಮೇಲೆ ಏಳುತ್ತದೆ. ಆಮೇಲೆ ಎಷ್ಟು ಉಣಿಸಿದರೂ ಅದು ಪೂರ್ತಿ ತುಂಬಿಬರುವುದಿಲ್ಲ. ಅದೇ ಆಸ್ಪತ್ರೆಯಲ್ಲಿ ೧೯೯೭–೯೮ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ, ಅವರ ಮಕ್ಕಳನ್ನು ಹುಟ್ಟಿನಿಂದ ಅಳೆಯುವ ಕೆಲಸವೂ ಆರಂಭವಾಯಿತು. ಇಂಗ್ಲೆಂಡಿನ ಶಿಶುಗಳಿಗೆ ಹೋಲಿಸಿದರೆ ಮೈಸೂರಿನ ಕೂಸು ಎಲ್ಲ ಅಳತೆಗಳಲ್ಲಿಯೂ ಚಿಕ್ಕದು. ಆದರೆ ಬೆನ್ನಿನ ಮೇಲಣ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಅಷ್ಟು ಹಿಂದೆ ಬಿದ್ದಿರಲಿಲ್ಲ. ಮಾಂಸಕ್ಕೆ ಕೊರತೆ, ಕೊಬ್ಬಿಗೆ ಉಳಿತಾಯ. ಬರಗಾಲವನ್ನು ಎದುರುನೋಡುವ ಮನೆಯವರು ಕಣಜಕ್ಕೆ ತುಂಬಿಡುವ ಹಾಗೆ.

ಈ ಎರಡು ಶೋಧಗಳನ್ನೂ ಹೊನ್ನೂರಿನ ನಮ್ಮ ಗೃಹಸ್ಥನ ಪಕ್ಕದಲ್ಲಿಟ್ಟು ನೋಡಿ. ಅವನು ಹುಟ್ಟಿದ್ದು ಅರೆಹೊಟ್ಟೆಯ ತಾಯಿಗೆ. ಉಸಿರಿನ ಗಂಟು ಮೊದಲೇ ಸಣ್ಣದು, ಮಾಂಸ ಮೊದಲೇ ಕಡಿಮೆ. ಅಂಥ ಮೈಗೆ ನಲವತ್ತರ ಮೇಲೆ ಬೊಜ್ಜು ಬಂದಾಗ ಅದು ಸೇರುವುದು ಹೊಟ್ಟೆಯಲ್ಲಿ, ಅಂದರೆ ವಪೆಯ ಅಡಿಯಲ್ಲಿಯೇ. ಬಿಳಿಯರ ದೇಶದಲ್ಲಿ ೮೪ ಕಿಲೋ ಮಾಡುವ ಕೆಡುಕನ್ನು ಇಲ್ಲಿ ಎಪ್ಪತ್ತೇ ಮಾಡಬಹುದೆಂದು ನನಗೆ ತೋರುತ್ತದೆ. ಭಾರತೀಯರಿಗೆ ಸ್ಥೌಲ್ಯದ ಗಡಿಯನ್ನು ಇಲ್ಲಿನ ವೈದ್ಯರು ಪಾಶ್ಚಾತ್ಯರ ಗಡಿಗಿಂತ ಕೆಳಗೆ ಎಳೆದದ್ದು ಸಕ್ಕರೆರೋಗ, ಹೃದ್ರೋಗಗಳನ್ನು ನೆನೆದು. ಉಸಿರಿನ ವಿಷಯಕ್ಕೂ ಅದು ಸಲ್ಲುತ್ತದೆಯೆಂದು ಭಾವಿಸಲು ಅಡ್ಡಿ ಕಾಣೆ. ಗಂಡಸಿನ ಸೊಂಟಕ್ಕೆ ಅವರು ಹಾಕಿರುವ ಮಿತಿ ೯೦ ಸೆಂಟಿಮೀಟರು, ಮೂವತ್ತೈದೂವರೆ ಅಂಗುಲಕ್ಕಿಂತ ಒಂದು ಕೂದಲೆಳೆ ಕಡಿಮೆ. ಇದನ್ನು ಅಳೆಯಲು ದೊಡ್ಡಾಸ್ಪತ್ರೆ ಬೇಡ, ಊರಿನ ದರ್ಜಿಯ ಟೇಪು ಸಾಕು. ಯಾರ ಸೊಂಟ ಯಾವ ಯುಗಾದಿಗೆ ಎಷ್ಟಾಯಿತೆಂಬ ಲೆಕ್ಕ ಅವನ ಹಳೆಯ ಪುಸ್ತಕದಲ್ಲಿ ಈಗಾಗಲೇ ಇದ್ದರೂ ಇರಬಹುದು!

ಇದೇ ಯಳಂದೂರಿನಲ್ಲಿ ೧೯೮೬ರಲ್ಲಿ ಡಾಕ್ಟರ್ ಸುದರ್ಶನರು ಕರುಣಾ ಟ್ರಸ್ಟನ್ನು ಸ್ಥಾಪಿಸಿದಾಗ ಕೈಹಚ್ಚಿದ್ದು ಕುಷ್ಠರೋಗದ ನಿವಾರಣೆಗೆ. ಅಂದಿನ ಶತ್ರು ಬಡತನದ ರೋಗ, ಕಣ್ಣಿಗೆ ಕಾಣುವ ರೋಗ. ಇಂದಿನದನ್ನು ನೆರೆಹೊರೆಯವರು ಅಭಿನಂದಿಸುತ್ತಾರೆ.

ನಾಚಿಕೆಯಿರುವಲ್ಲಿ ವ್ಯಾಪಾರವೂ ಇರುತ್ತದೆ. ಬಸ್ಸು ನಿಲ್ದಾಣಗಳ ಗೋಡೆಗಳ ಮೇಲೆ ಪುರುಷತ್ವವನ್ನು ಮರಳಿ ಕೊಡುವೆವೆಂಬ ಬರಹಗಳನ್ನು ಓದದ ಕನ್ನಡಿಗನಿಲ್ಲ. ಪೇಟೆಗಳಲ್ಲಿ ಅದೇ ಸರಕು ಈಗ ಟೆಸ್ಟಾಸ್ಟೆರೋನಿನ ಸೂಜಿಯ ರೂಪದಲ್ಲಿ, ಇನ್ನಷ್ಟು ಗೌರವಸ್ಥ ವೇಷದಲ್ಲಿ ಬಂದಿದೆ. ೨೦೦೪ರಲ್ಲಿ ಕ್ಯಾಲಿಫೋರ್ನಿಯದ ವೈದ್ಯರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಶ್ವಾಸಕೋಶ ಕೆಟ್ಟು ಹಾರ್ಮೋನೂ ಕುಗ್ಗಿದ್ದ ೪೭ ಗಂಡಸರಲ್ಲಿ ಕೆಲವರಿಗೆ ಹತ್ತು ವಾರ ಈ ಸೂಜಿ ಕೊಟ್ಟರು, ಕೆಲವರಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು, ಕೆಲವರಿಗೆ ಎರಡನ್ನೂ. ಮೈಯ ಮಾಂಸ ಬೆಳೆಯಿತು, ಕಾಲಿನ ಬಲ ಹೆಚ್ಚಿತು, ಎರಡನ್ನೂ ಪಡೆದವರಲ್ಲಿ ಎಲ್ಲರಿಗಿಂತ ಹೆಚ್ಚಾಗಿ. ಶ್ವಾಸಕೋಶ ವಾಸಿಯಾಯಿತೆಂದು ಅವರು ಹೇಳಲಿಲ್ಲ. ವ್ಯಾಯಾಮವೊಂದೇ ತಂದ ಬಲ ಸೂಜಿಯೊಂದೇ ತಂದ ಬಲಕ್ಕೆ ಸರಿಸುಮಾರು ಸಮವಾಗಿತ್ತೆಂಬುದನ್ನು ಗೋಡೆಯ ಬರಹ ಹೇಳುವುದಿಲ್ಲ. ಹೊರಗಿನಿಂದ ಹಾರ್ಮೋನು ಬಂದಾಗ ವೃಷಣಗಳು ತಮ್ಮ ಕೆಲಸ ನಿಲ್ಲಿಸುತ್ತವೆ, ವೀರ್ಯಾಣುಗಳು ಕುಗ್ಗುತ್ತವೆ. ಮಗು ಬೇಕೆನ್ನುವವನಿಗೆ ಅದು ವಿಷವೇ. ರಕ್ತ ಮಂದವಾಗಬಹುದು. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯನ್ನು ಅದು ಕೆರಳಿಸಲೂಬಹುದು. ಏದುಸಿರಿನವನೇ ಅದಕ್ಕೆ ಹೆಚ್ಚು ಹೆದರಬೇಕಾದವನು. ಗ್ರಂಥಿ ನಿಜವಾಗಿಯೂ ಸೋತವರಿಗೆ ಈ ಚಿಕಿತ್ಸೆ ಬೇಕು, ಅದು ಬೇರೆ ಮಾತು. ಬೆಳಗಿನ ಹೊತ್ತು, ಎರಡು ಬೇರೆ ಬೇರೆ ದಿನ, ರಕ್ತಪರೀಕ್ಷೆ ಮಾಡಿಸದೆ ಅದನ್ನು ತೀರ್ಮಾನಿಸಲಾಗದು. ಬೊಜ್ಜಿನವರಲ್ಲಿ ಹಾರ್ಮೋನನ್ನು ಹೊತ್ತೊಯ್ಯುವ ಪ್ರೋಟೀನೇ ಕಡಿಮೆಯಾಗಿ, ಒಟ್ಟು ಅಂಕಿ ಇರುವುದಕ್ಕಿಂತ ಕೆಟ್ಟದಾಗಿ ತೋರುವುದೂ ಉಂಟು.

ಹೊಟ್ಟೆ ಇಳಿದಾಗ ಹಾರ್ಮೋನು ತಾನಾಗಿ ಏರುತ್ತದೆ, ವಪೆಗೆ ಎಡೆ ಸಿಕ್ಕುತ್ತದೆ, ಗೊರಕೆ ತಗ್ಗುತ್ತದೆ. ಒಂದೇ ಕೆಲಸಕ್ಕೆ ಮೂರು ಕೂಲಿ. ಹೇಳುವುದು ಸುಲಭ, ಒಪ್ಪುತ್ತೇನೆ. ಇಳಿಸಿ ನೋಡಿದವರಿಗೆ ಗೊತ್ತು. ಅದೃಷ್ಟಕ್ಕೆ ಆ ಸೀಮೆಯವರಿಗೆ ನಡಿಗೆಯ ಮಾದರಿಯನ್ನು ಹೊರಗಿನಿಂದ ತರಬೇಕಾಗಿಲ್ಲ. ಬಿಳಿಗಿರಿರಂಗನಿಗೆ ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಪಾದುಕೆಗಳನ್ನು ಮಾಡಿ ಅರ್ಪಿಸುವ ಸಂಪ್ರದಾಯ ಬೆಟ್ಟದಲ್ಲಿದೆ. ಸ್ವಾಮಿ ಕಾಡಿನಲ್ಲಿ ಸುತ್ತಾಡಿ ಹಳೆಯವನ್ನು ಸವೆಸಿಬಿಡುತ್ತಾನಂತೆ. ಅವನ ಭಕ್ತರು ಬೆಟ್ಟದ ಮೇಲಿನವರೆಗೆ ಮೋಟಾರಿನಲ್ಲಿ ಹೋಗಿ, ಕಡೆಯ ಮೆಟ್ಟಿಲುಗಳನ್ನಷ್ಟೇ ಹತ್ತುತ್ತಾರೆ. ಏದುಸಿರು ಅಲ್ಲಿ ತಿಳಿಯುತ್ತದೆ.

ಮಿಷನ್ ಆಸ್ಪತ್ರೆಯಲ್ಲಿ ಆ ವರ್ಷಗಳಲ್ಲಿ ಅಳೆಯಲ್ಪಟ್ಟ ಕೂಸುಗಳಿಗೆ ಈಗ ಇಪ್ಪತ್ತೈದು ದಾಟಿದೆ. ಗಂಡುಮಕ್ಕಳು ಉದ್ಯೋಗಕ್ಕೆ ಸೇರಿದ್ದಾರೆ, ಕೆಲವರಿಗೆ ಮದುವೆಯೂ ಆಗಿರಬೇಕು. ಹೊಟ್ಟೆ ಬೆಳೆಯತೊಡಗುವ ವಯಸ್ಸು ಅದೇ.